ಗೋಲುಗಳ ಪಟ್ಟಿ ಮತ್ತು ನಮ್ಮ ನೋಟಿಸ್ ಬೋರ್ಡ್

ನಮ್ಮ ರಾಜ್ಯದಲ್ಲಿ ಹಾಕಿ ಎಂದರೆ ಮೊದಲು ನೆನಪಾಗುವುದು ಕೊಡಗು. ಕೆನಡಾದಲ್ಲಿ ಹಾಕಿ ಎಂದರೆ ಮಂಜುಗಡ್ಡೆ. ಅಲ್ಲಿ ಮೈದಾನವೇ ಗಟ್ಟಿಯಾದ ಐಸ್, ಕಾಲಿಗೆ ಸ್ಕೇಟ್, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರ್ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಗೋಲುಪೆಟ್ಟಿಗೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ ಮಾತ್ರ. ಅದರ ಮುಂದೆ ಮೈತುಂಬ ಪ್ಯಾಡ್ ಕಟ್ಟಿಕೊಂಡ ಗೋಲ್‌ಕೀಪರ್ ನಿಂತರೆ ಕಾಣುವ ಜಾಗವೇ ಸ್ವಲ್ಪ. ಆ ಸ್ವಲ್ಪ ಜಾಗದಲ್ಲಿ ಒಬ್ಬ ಮನುಷ್ಯ ಒಂಬೈನೂರು ಸಲ ಪಕ್ ತೂರಿಸಿದ್ದಾನೆ ಎಂದರೆ ನಂಬುವುದು ಕಷ್ಟ.

ನನ್ನ ಖಾಲಾ ಅವರ ಮಗ ಟೊರೊಂಟೊ ಹತ್ತಿರ ಕೆಲಸ ಮಾಡುತ್ತಾರೆ. ಭಾಯಿಜಾನ್ ಕಳಿಸುವ ವಿಡಿಯೊಗಳಿಂದ ನನಗೆ ಈ ಆಟದ ಹುಚ್ಚು ಹಿಡಿಯಿತು. ಆಟಕ್ಕಿಂತ ಹೆಚ್ಚಾಗಿ ಹಿಡಿದದ್ದು ಅದರ ಲೆಕ್ಕ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಂಕಿಗಳ ಪಟ್ಟಿ ಕಂಡರೆ ಓದದೆ ಬಿಡಲಾರೆ. ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿ ಆಡುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 1917ರಲ್ಲಿ ಶುರುವಾಯಿತು. ಅಂದಿನಿಂದ ಯಾರು ಎಷ್ಟು ಗೋಲು ಹೊಡೆದರು ಎಂಬ ಲೆಕ್ಕ ಬರೆದಿಟ್ಟಿದ್ದಾರೆ. ಆ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಎರಡು. ಒಂದು, ಇವತ್ತು ಆ ಪಟ್ಟಿಯ ತುದಿಯಲ್ಲಿ ಇರುವ ಹೆಸರು ಅಲ್ಲಿರಲು ಪೂರ್ತಿ ಅರ್ಹ. ಎರಡು, ಅಂಥ ಯಾವ ಪಟ್ಟಿಯನ್ನೂ ಒಂದೇ ಕಾಲಂ ನೋಡಿ ತೀರ್ಪು ಕೊಡಬಾರದು. ಈ ಎರಡನೆಯ ಮಾತು ನಮ್ಮ ಕಾಲೇಜಿಗೂ ಸೇರಿದ್ದು. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಟ್ಟಿ. ತುದಿಯಲ್ಲಿ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್. ಎರಡನೆಯವರು ಕೆನಡಾದ ವೇಯ್ನ್ ಗ್ರೆಟ್ಸ್ಕಿ, 894 ಗೋಲು. ಆಮೇಲೆ ಗೋರ್ಡಿ ಹೋವ್ 801, ಯಾರೊಮಿರ್ ಯಾಗ್ರ್ 766, ಬ್ರೆಟ್ ಹಲ್ 741, ಮಾರ್ಸೆಲ್ ಡಿಯೋನ್ 731, ಫಿಲ್ ಎಸ್ಪೊಸಿಟೊ 717, ಮೈಕ್ ಗಾರ್ಟ್ನರ್ 708, ಮಾರ್ಕ್ ಮೆಸಿಯರ್ 694, ಸ್ಟೀವ್ ಐಸರ್‌ಮನ್ 692. ನೂರು ವರ್ಷ ದಾಟಿದ ಲೀಗಿನಲ್ಲಿ ಏಳುನೂರು ಮುಟ್ಟಿದವರು ಎಂಟೇ ಜನ. ಇದು ಲೀಗ್ ಹಂತದ ಪಂದ್ಯಗಳ ಲೆಕ್ಕ ಮಾತ್ರ. ಆಮೇಲಿನ ನಾಕೌಟ್ ಪಂದ್ಯಗಳ ಗೋಲು ಇದರಲ್ಲಿ ಸೇರುವುದಿಲ್ಲ.

ಈ ತುದಿಯ ಜಾಗ ಕೈಯಿಂದ ಕೈಗೆ ಬಂದ ಕಥೆ ಚೆನ್ನಾಗಿದೆ. 1952ರ ನವೆಂಬರಿನಲ್ಲಿ ಮಾಂಟ್ರಿಯಲ್ ತಂಡದ ಮೊರೀಸ್ ರಿಷಾರ್, ನೆಲ್ಸ್ ಸ್ಟುವರ್ಟ್ ಅವರ 324 ಗೋಲುಗಳ ದಾಖಲೆ ಮುರಿದರು. ರಿಷಾರ್ 1944–45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದ ಮೊದಲಿಗ. ಅವರು ಫ್ರೆಂಚ್ ಮಾತಾಡುವ ಮನೆಯವರು. ಲೀಗ್ ನಡೆಸುತ್ತಿದ್ದವರು ಇಂಗ್ಲಿಷಿನವರು. 1955ರ ಮಾರ್ಚಿನಲ್ಲಿ ಒಂದು ಜಗಳದ ಕಾರಣಕ್ಕೆ ಲೀಗಿನ ಅಧ್ಯಕ್ಷರು ರಿಷಾರ್ ಅವರನ್ನು ಆ ವರ್ಷದ ಉಳಿದ ಎಲ್ಲ ಪಂದ್ಯಗಳಿಂದ ಹೊರಗಿಟ್ಟಾಗ ಮಾಂಟ್ರಿಯಲ್ ಬೀದಿಗಳಲ್ಲಿ ಗಲಭೆಯೇ ಆಯಿತು. ಜನ ಸಿಟ್ಟಾದದ್ದು ಒಬ್ಬ ಆಟಗಾರನಿಗಾಗಿ ಮಾತ್ರವಲ್ಲ, ತಮ್ಮ ಭಾಷೆಯವರನ್ನು ಕೀಳಾಗಿ ಕಾಣುತ್ತಾರೆ ಎಂಬ ಹಳೆಯ ನೋವಿಗಾಗಿ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಎಂದು ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ರಿಷಾರ್ 544 ಗೋಲಿಗೆ ನಿಂತರು. 1963ರ ನವೆಂಬರಿನಲ್ಲಿ ಡೆಟ್ರಾಯ್ಟ್ ತಂಡದ ಗೋರ್ಡಿ ಹೋವ್ ಅದನ್ನು ದಾಟಿದರು. ಹೋವ್ ಐವತ್ತೆರಡರ ವಯಸ್ಸಿನವರೆಗೆ ಆಡಿದವರು. ಒಮ್ಮೆ ನಿವೃತ್ತರಾಗಿ, ಮತ್ತೆ ಬಂದು, ತಮ್ಮ ಇಬ್ಬರು ಮಕ್ಕಳ ಜೊತೆಗೆ ಒಂದೇ ತಂಡದಲ್ಲಿ ಆಡಿದರು. 1979–80ರ ಕೊನೆಯ ವರ್ಷ 80 ಪಂದ್ಯಗಳಲ್ಲಿ ಒಂದನ್ನೂ ಬಿಡಲಿಲ್ಲ. 1994ರ ಮಾರ್ಚ್ 23ರಂದು ಗ್ರೆಟ್ಸ್ಕಿ 802ನೇ ಗೋಲು ಹೊಡೆದು ಹೋವ್ ಅವರನ್ನು ಹಿಂದೆ ಹಾಕಿದರು. 1999ರಲ್ಲಿ ನಿವೃತ್ತರಾದಾಗ 894. ಅದನ್ನು ಯಾರೂ ಮುಟ್ಟಲಾರರು ಎಂದೇ ಬಹಳ ಜನ ನಂಬಿದ್ದರು. 2025ರ ಏಪ್ರಿಲ್ 6ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಒವೆಚ್ಕಿನ್ 895ನೇ ಗೋಲು ಹೊಡೆದರು. ಎದುರಿಗಿದ್ದ ಗೋಲ್‌ಕೀಪರ್ ಇಲ್ಯಾ ಸೊರೊಕಿನ್ ಕೂಡ ರಷ್ಯಾದವರೇ. ಗ್ರೆಟ್ಸ್ಕಿ ಅಲ್ಲೇ ಕುಳಿತು ನೋಡಿ, ಇಳಿದು ಬಂದು ಅಭಿನಂದಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಒವೆಚ್ಕಿನ್ 900 ಮುಟ್ಟಿದ ಮೊದಲ ಆಟಗಾರರಾದರು.

ಈಗ ವಾದಕ್ಕೆ ಬರೋಣ. ಭಾಯಿಜಾನ್ ಗ್ರೆಟ್ಸ್ಕಿ ಪಕ್ಷ. ಅವರು ಹೇಳುವುದು ಇಷ್ಟು: ಗ್ರೆಟ್ಸ್ಕಿ 1981–82ರಲ್ಲಿ ಒಂದೇ ವರ್ಷ 92 ಗೋಲು ಹೊಡೆದರು, ಮೊದಲ 50 ಗೋಲಿಗೆ 39 ಪಂದ್ಯ ಸಾಕಾಯಿತು; ಒವೆಚ್ಕಿನ್ ಅವರ ಅತಿ ಒಳ್ಳೆಯ ವರ್ಷ 2007–08, ಅದರಲ್ಲೂ 65 ಮಾತ್ರ. 92 ಎಲ್ಲಿ, 65 ಎಲ್ಲಿ?

ಕೇಳಲು ಸರಿಯೆನಿಸುತ್ತದೆ. ಆದರೆ ಇದು ಅಬ್ಬಾ ಅವರ ಕಾಲದ ಹತ್ತು ರೂಪಾಯಿಯನ್ನೂ ಇವತ್ತಿನ ಹತ್ತು ರೂಪಾಯಿಯನ್ನೂ ಒಂದೇ ಎಂದು ಎಣಿಸಿದ ಹಾಗೆ. ಸಂಖ್ಯಾಶಾಸ್ತ್ರದಲ್ಲಿ ನಾವು ಸೂಚ್ಯಂಕ ಓದುತ್ತೇವೆ. ಎರಡು ವರ್ಷಗಳ ಬೆಲೆ ಹೋಲಿಸಬೇಕಾದರೆ ಮೊದಲು ಆಯಾ ವರ್ಷದ ಸಾಮಾನ್ಯ ಬೆಲೆ ಎಷ್ಟಿತ್ತು ಎಂದು ನೋಡಬೇಕು. ಗೋಲಿಗೂ ಅದೇ ನಿಯಮ. 1981–82ರಲ್ಲಿ ಎನ್‌ಎಚ್‌ಎಲ್ ಪಂದ್ಯವೊಂದರಲ್ಲಿ ಎರಡೂ ತಂಡ ಸೇರಿ ಸರಾಸರಿ ಸುಮಾರು 8 ಗೋಲು ಬೀಳುತ್ತಿದ್ದವು. 2007–08ರಲ್ಲಿ ಆ ಸರಾಸರಿ ಸುಮಾರು 5.5. ಕಾರಣಗಳೂ ಸ್ಪಷ್ಟ. ಗೋಲ್‌ಕೀಪರ್‌ಗಳ ಪ್ಯಾಡ್ ದೊಡ್ಡದಾಯಿತು. ನಿಂತು ತಡೆಯುತ್ತಿದ್ದವರು ಮೊಣಕಾಲೂರಿ, ಕಾಲು ಅಗಲಿಸಿ, ಕೆಳಗಿನ ಜಾಗವನ್ನೆಲ್ಲ ಮುಚ್ಚುವ ವಿಧಾನ ಕಲಿತರು. ತರಬೇತುದಾರರು ವಿಡಿಯೊ ನೋಡಿ ರಕ್ಷಣೆ ಕಲಿಸಿದರು.

ಈಗ ಲೆಕ್ಕ ಮಾಡಿ. ಒವೆಚ್ಕಿನ್ ಅವರ 65ನ್ನು 8ರಿಂದ ಗುಣಿಸಿ 5.5ರಿಂದ ಭಾಗಿಸಿದರೆ ಸುಮಾರು 94 ಬರುತ್ತದೆ. ಗ್ರೆಟ್ಸ್ಕಿ ಕಾಲದಲ್ಲಿ ವರ್ಷಕ್ಕೆ 80 ಪಂದ್ಯ, ಒವೆಚ್ಕಿನ್ ಕಾಲದಲ್ಲಿ 82. ಅದನ್ನೂ ಸರಿಪಡಿಸಿದರೆ ಉಳಿಯುವುದು ಸುಮಾರು 92. ಅಂದರೆ ಗೋಲಿನ ‘ಬೆಲೆ’ ನೋಡಿದರೆ 2008ರ 65ಕ್ಕೂ 1982ರ 92ಕ್ಕೂ ಹೆಚ್ಚು ಕಡಿಮೆ ಒಂದೇ ತೂಕ. ಇದು ಕ್ಯಾಲ್ಕುಲೇಟರ್ ಇದ್ದ ಯಾರು ಬೇಕಾದರೂ ಮಾಡಬಹುದಾದ ಲೆಕ್ಕ.

ಇನ್ನೊಂದು ಅಂಕಿ ಇದೆ, ಅದನ್ನು ನೋಡಿದಾಗ ನಾನೇ ಎರಡು ಸಲ ಓದಿದೆ. ಗ್ರೆಟ್ಸ್ಕಿ 894 ಗೋಲು ಹೊಡೆಯಲು ಆಡಿದ ಪಂದ್ಯಗಳು 1,487. ಒವೆಚ್ಕಿನ್ 895ನೇ ಗೋಲು ಹೊಡೆದದ್ದು ಅವರ 1,487ನೇ ಪಂದ್ಯದಲ್ಲಿ. ಅಷ್ಟೇ ಪಂದ್ಯ, ಒಂದು ಗೋಲು ಹೆಚ್ಚು, ಅದೂ ಗೋಲು ದುಬಾರಿಯಾದ ಕಾಲದಲ್ಲಿ. ಜೊತೆಗೆ ಒವೆಚ್ಕಿನ್ ಕಳೆದುಕೊಂಡದ್ದೂ ಕಡಿಮೆಯಲ್ಲ. 2004ರಲ್ಲಿ ಅವರನ್ನು ಮೊದಲ ಆಯ್ಕೆಯಾಗಿ ಆರಿಸಿಕೊಂಡರು; ಆದರೆ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳವಾಗಿ 2004–05ರ ಇಡೀ ವರ್ಷ ಲೀಗೇ ನಡೆಯಲಿಲ್ಲ. 2012–13ರಲ್ಲಿ ಅಂಥದ್ದೇ ಜಗಳದಿಂದ 82 ಪಂದ್ಯದ ಬದಲು 48. ಆಮೇಲೆ ಕೋವಿಡ್. 2024ರ ನವೆಂಬರಿನಲ್ಲಿ ಕಾಲಿನ ಮೂಳೆ ಮುರಿದು 16 ಪಂದ್ಯ ತಪ್ಪಿದವು. ಆದರೂ ಆ ವರ್ಷ, ಮೂವತ್ತೊಂಬತ್ತರ ವಯಸ್ಸಿನಲ್ಲಿ, 65 ಪಂದ್ಯಕ್ಕೆ 44 ಗೋಲು. ಗ್ರೆಟ್ಸ್ಕಿ ತಮ್ಮ ಕೊನೆಯ ವರ್ಷದಲ್ಲಿ ಹೊಡೆದದ್ದು 9.

ಎದುರು ವಾದಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಪಂದ್ಯದ ಕೊನೆಯಲ್ಲಿ ಸೋಲುವ ತಂಡ ಗೋಲ್‌ಕೀಪರನ್ನು ತೆಗೆದು ಇನ್ನೊಬ್ಬ ಆಟಗಾರನನ್ನು ಬಿಡುತ್ತದೆ. ಆಗ ಖಾಲಿ ಪೆಟ್ಟಿಗೆಗೆ ಹೊಡೆದ ಗೋಲುಗಳಲ್ಲೂ ಒವೆಚ್ಕಿನ್ ಅವರದ್ದೇ ದಾಖಲೆ. ಎದುರಾಳಿಯೊಬ್ಬ ಶಿಕ್ಷೆಯಾಗಿ ಹೊರಗಿದ್ದಾಗ ಹೊಡೆದ ‘ಪವರ್ ಪ್ಲೇ’ ಗೋಲುಗಳಲ್ಲೂ ಅವರೇ ಮೊದಲು. ಇವು ಸುಲಭದ ಗೋಲು ಎಂದು ಕೆಲವರು. ಪವರ್ ಪ್ಲೇಯಲ್ಲಿ ಒವೆಚ್ಕಿನ್ ಎಲ್ಲಿ ನಿಲ್ಲುತ್ತಾರೆ ಎಂದು ಇಡೀ ಲೀಗಿಗೆ ಗೊತ್ತು: ಎಡಗಡೆಯ ವೃತ್ತದಲ್ಲಿ. ಇಪ್ಪತ್ತು ವರ್ಷ ಅಲ್ಲೇ ನಿಂತು, ಬಂದ ಪಕ್ಕನ್ನು ನಿಲ್ಲಿಸದೆ ಹಾಗೇ ಬಾರಿಸಿದರು. ಗೊತ್ತಿದ್ದೂ ತಡೆಯಲಾಗದ್ದನ್ನು ಸುಲಭ ಎನ್ನುವುದು ಹೇಗೆ? ನಾಕೌಟ್ ಪಂದ್ಯಗಳನ್ನೂ ಸೇರಿಸಿದರೆ ಗ್ರೆಟ್ಸ್ಕಿ ಮುಂದಿದ್ದಾರೆ ಎಂಬ ವಾದಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ಅಲ್ಲಿ ಅವರು 122 ಗೋಲು ಹೊಡೆದಿದ್ದಾರೆ. ಒವೆಚ್ಕಿನ್ ಎಂಬತ್ತೂ ಮುಟ್ಟಿಲ್ಲ. ಇನ್ನು ಒಟ್ಟು ಆಟಗಾರನಾಗಿ ಯಾರು ದೊಡ್ಡವರು ಎಂದು ಕೇಳಿದರೆ ನಾನೂ ಗ್ರೆಟ್ಸ್ಕಿ ಎನ್ನುತ್ತೇನೆ. ಅವರು ಬೇರೆಯವರ ಗೋಲಿಗೆ ಕೊಟ್ಟ ಪಾಸುಗಳೇ 1,963. ಗೋಲು ಹೊಡೆಯುವ ಕೆಲಸ ಒಂದರಲ್ಲಿ ಮಾತ್ರ ನನ್ನ ಮತ ಒವೆಚ್ಕಿನ್‌ಗೆ.

ಇಲ್ಲಿಗೆ ಮೊದಲ ಮಾತು ಮುಗಿಯಿತು. ಎರಡನೆಯದು ಶುರುವಾಗುವುದು ಪಟ್ಟಿಯ ಕೆಳಗಿನಿಂದ.

ಮೈಕ್ ಬಾಸಿ ಎಂಬ ಆಟಗಾರ ಮೊದಲ ಒಂಬತ್ತು ವರ್ಷವೂ ತಪ್ಪದೆ 50ಕ್ಕಿಂತ ಹೆಚ್ಚು ಗೋಲು ಹೊಡೆದರು. ಹತ್ತನೇ ವರ್ಷ ಬೆನ್ನು ನೋವು ಅವರ ಆಟ ನಿಲ್ಲಿಸಿತು. 752 ಪಂದ್ಯ, 573 ಗೋಲು. ಮೊದಲ ಹತ್ತರಲ್ಲಿ ಅವರ ಹೆಸರಿಲ್ಲ. ಆದರೆ ಪಂದ್ಯಕ್ಕೆ ಸರಾಸರಿ 0.76, ಒವೆಚ್ಕಿನ್, ಗ್ರೆಟ್ಸ್ಕಿ ಇಬ್ಬರದ್ದೂ 0.60. ಮಾರಿಯೊ ಲೆಮ್ಯೂ 915 ಪಂದ್ಯಕ್ಕೆ 690, ಸರಾಸರಿ 0.75. ಅವರಿಗೆ 1993ರಲ್ಲಿ ಕ್ಯಾನ್ಸರ್ ಬಂತು. ರೇಡಿಯೇಷನ್ ಚಿಕಿತ್ಸೆ ಮುಗಿದ ದಿನ ಸಂಜೆಯೇ ವಿಮಾನ ಹತ್ತಿ ಹೋಗಿ ಆಡಿ ಗೋಲು ಹೊಡೆದರು. ಆ ವರ್ಷ 60 ಪಂದ್ಯ ಮಾತ್ರ ಆಡಿಯೂ ಲೀಗಿನಲ್ಲಿ ಅತಿ ಹೆಚ್ಚು ಅಂಕ ಅವರದ್ದೇ. ಒಟ್ಟು ಗೋಲಿನ ಕಾಲಂ ಒಂದನ್ನೇ ನೋಡಿದರೆ ಇದೊಂದೂ ಕಾಣುವುದಿಲ್ಲ.

ಇವರಾದರೂ ಪಟ್ಟಿಯಲ್ಲಿದ್ದಾರೆ. ಪಟ್ಟಿಗೆ ಬರಲು ಬಾಗಿಲೇ ತೆರೆಯದವರ ಕಥೆ ಬೇರೆ.

ಹರ್ಬ್ ಕಾರ್ನೆಗಿ ಟೊರೊಂಟೊದಲ್ಲಿ ಹುಟ್ಟಿದ ಕಪ್ಪು ಆಟಗಾರ, ತಂದೆತಾಯಿ ಜಮೈಕಾದವರು. 1940ರ ದಶಕದಲ್ಲಿ ಕ್ವಿಬೆಕ್ ಪ್ರಾಂತ್ಯದ ಲೀಗುಗಳಲ್ಲಿ ದೊಡ್ಡ ಹೆಸರು. ಎನ್‌ಎಚ್‌ಎಲ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 1948ರಲ್ಲಿ ನ್ಯೂಯಾರ್ಕ್ ತಂಡ ಕರೆದದ್ದು ಕೆಳಗಿನ ದರ್ಜೆಯ ಲೀಗಿಗೆ, ಅದೂ ಅವರು ಆಗ ಪಡೆಯುತ್ತಿದ್ದುದಕ್ಕಿಂತ ಕಡಿಮೆ ಸಂಬಳಕ್ಕೆ. ಅವರು ಹೋಗಲಿಲ್ಲ. 2012ರಲ್ಲಿ ತೀರಿಕೊಂಡರು, ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2022ರಲ್ಲಿ. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ವಿಲ್ಲಿ ಓರೀ, 1958ರ ಜನವರಿ 18ರಂದು. ಪಕ್ ಬಡಿದು ಅವರ ಒಂದು ಕಣ್ಣಿನ ದೃಷ್ಟಿ ಮೊದಲೇ ಹೋಗಿತ್ತು. ಅದನ್ನು ಯಾರಿಗೂ ಹೇಳದೆ ಆಡಿದರು. ಲೀಗಿನಲ್ಲಿ ಅವರ ಗೋಲು 4. ಪಟ್ಟಿಯ ಲೆಕ್ಕದಲ್ಲಿ ನಾಲ್ಕು ಬಹಳ ಸಣ್ಣ ಅಂಕಿ. ನನ್ನ ಲೆಕ್ಕದಲ್ಲಿ ಅಲ್ಲ.

ಸೋವಿಯತ್ ಒಕ್ಕೂಟದ ಆಟಗಾರರಿಗೆ ದಶಕಗಳ ಕಾಲ ಹೊರದೇಶದಲ್ಲಿ ಆಡಲು ಅನುಮತಿಯೇ ಇರಲಿಲ್ಲ. ವಲೇರಿ ಖರ್ಲಾಮೊವ್ 1981ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಎನ್‌ಎಚ್‌ಎಲ್ ಲೆಕ್ಕದಲ್ಲಿ ಅವರ ಗೋಲು ಸೊನ್ನೆ. ಸೆರ್ಗೇ ಮಕಾರೊವ್‌ಗೆ ಬಿಡುಗಡೆ ಸಿಕ್ಕಿದ್ದು 1989ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ. ಬಂದ ವರ್ಷವೇ ‘ಅತ್ಯುತ್ತಮ ಹೊಸ ಆಟಗಾರ’ ಪ್ರಶಸ್ತಿ ಗೆದ್ದರು. ಆಮೇಲೆ ಲೀಗ್, ಆ ಪ್ರಶಸ್ತಿಗೆ ವಯಸ್ಸಿನ ಮಿತಿ ಹಾಕಿತು! ಒವೆಚ್ಕಿನ್ ಇವರ ಕಾಲದಲ್ಲೇ ಹುಟ್ಟಿದ್ದರೆ ಅವರ ಒಳ್ಳೆಯ ವರ್ಷಗಳೂ ಹೀಗೇ ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದವು.

ಹೆಣ್ಣುಮಕ್ಕಳ ಲೆಕ್ಕ ಕೇಳಿದರೆ ಇನ್ನೂ ವಿಚಿತ್ರ. ಕೆನಡಾದ ಹೇಲಿ ವಿಕನ್‌ಹೈಸರ್ ದೇಶಕ್ಕಾಗಿ 276 ಪಂದ್ಯಗಳಲ್ಲಿ 168 ಗೋಲು ಹೊಡೆದರು, ನಾಲ್ಕು ಒಲಿಂಪಿಕ್ ಚಿನ್ನ ಗೆದ್ದರು. 2003ರಲ್ಲಿ ಫಿನ್ಲೆಂಡಿನ ಗಂಡಸರ ವೃತ್ತಿಪರ ಲೀಗಿಗೆ ಹೋಗಿ ಆಡಿ, ಅಲ್ಲಿಯೂ ಗೋಲು ಹೊಡೆದರು. ಆಟ ಬಿಟ್ಟ ಮೇಲೆ ಓದಿ ಡಾಕ್ಟರಾದರು. ಉತ್ತರ ಅಮೆರಿಕದ ಒಳ್ಳೆಯ ಆಟಗಾರ್ತಿಯರೆಲ್ಲ ಒಟ್ಟಿಗೆ ಆಡುವ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಶುರುವಾದದ್ದು 2024ರ ಜನವರಿಯಲ್ಲಿ. ಮೊದಲ ವರ್ಷ ನ್ಯಾಟಲಿ ಸ್ಪೂನರ್ 24 ಪಂದ್ಯಕ್ಕೆ 20 ಗೋಲು ಹೊಡೆದು ಮೊದಲಿಗರಾದರು. ಗಂಡಸರ ಖಾತೆ 1917ರಿಂದ, ಹೆಂಗಸರ ಖಾತೆ 2024ರಿಂದ. ಎರಡರ ಬಾಕಿಯನ್ನು ಒಟ್ಟಿಗಿಟ್ಟು ಹೋಲಿಸಿದರೆ ಅದು ಲೆಕ್ಕವಲ್ಲ.

ನಮ್ಮವರೊಬ್ಬರ ಹೆಸರನ್ನೂ ಹೇಳಬೇಕು. ನಜೀಮ್ ಕದ್ರಿ, ಕೆನಡಾದ ಲಂಡನ್ ಊರಿನವರು, ಲೆಬನಾನ್ ಮೂಲದ ಮುಸ್ಲಿಂ ಕುಟುಂಬ. ಗೋಲಿನ ಪಟ್ಟಿಯಲ್ಲಿ ಮೊದಲ ನೂರರ ಆಸುಪಾಸಿಗೂ ಬರುವವರಲ್ಲ. 2022ರ ನಾಕೌಟ್ ಪಂದ್ಯವೊಂದರಲ್ಲಿ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾದ ಮೇಲೆ ಅವರಿಗೆ ಬೆದರಿಕೆಗಳು, ಜನಾಂಗೀಯ ಬೈಗುಳಗಳು ಬಂದವು. ಮುಂದಿನ ಪಂದ್ಯದಲ್ಲೇ ಅದೇ ಊರಿನಲ್ಲಿ ಮೂರು ಗೋಲು ಹೊಡೆದರು. ಆ ವರ್ಷ ಅವರ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದ ತಂಡದ ಪ್ರತಿಯೊಬ್ಬರಿಗೂ ಒಂದು ದಿನ ಕಪ್ ಸಿಗುತ್ತದೆ. ಕದ್ರಿ ಅದನ್ನು ತಮ್ಮ ಊರಿನ ಮಸೀದಿಗೆ ತಂದರು. ಹಿಂದಿನ ವರ್ಷವಷ್ಟೇ ಅದೇ ಊರಿನಲ್ಲಿ, ಸಂಜೆ ವಾಕಿಂಗ್ ಹೊರಟಿದ್ದ ಮುಸ್ಲಿಂ ಕುಟುಂಬವೊಂದರ ಮೇಲೆ ಬೇಕೆಂದೇ ವಾಹನ ಹರಿಸಿ ನಾಲ್ವರನ್ನು ಕೊಂದಿದ್ದರು. ಆ ಊರಿನ ಮಕ್ಕಳು ಮಸೀದಿಯಲ್ಲಿ ಕಪ್ ಮುಟ್ಟಿ ನೋಡಿದ್ದನ್ನು ಯಾವ ಕಾಲಂನಲ್ಲಿ ಬರೆಯಬೇಕು?

ಈಗ ನಮ್ಮ ನೋಟಿಸ್ ಬೋರ್ಡಿಗೆ ಬರೋಣ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಗೇಟಿನ ಬಳಿ ಬ್ಯಾನರ್ ಕಟ್ಟುತ್ತೇವೆ: ಹತ್ತು ಫೋಟೊ, ಹತ್ತು ಶೇಕಡಾವಾರು. ಅದು ಬೇಡ ಎಂದು ನಾನು ಹೇಳುತ್ತಿಲ್ಲ. 97 ತೆಗೆದವರು ದುಡಿದು ತೆಗೆದಿದ್ದಾರೆ, ಒವೆಚ್ಕಿನ್ 895 ಹೊಡೆದ ಹಾಗೆ. ನಾನು ಕೇಳುವುದು ಇನ್ನೊಂದು ಕಾಲಂ.

ನಮ್ಮ ತರಗತಿಯಲ್ಲಿ ಹತ್ತನೇವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಪ್ರಥಮ ಪಿಯುಗೆ ಬಂದು ಮೊದಲ ಬಾರಿಗೆ ಲೆಕ್ಕಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಿದವರಿದ್ದಾರೆ. ಡೆಬಿಟ್, ಕ್ರೆಡಿಟ್ ಎಂಬ ಪದಗಳ ಅರ್ಥ ಹುಡುಕುವುದರಲ್ಲೇ ಮೊದಲ ಮೂರು ತಿಂಗಳು ಹೋಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಬೇಕರಿಯಲ್ಲಿ ಕೆಲಸ ಮುಗಿಸಿ ಒಂಬತ್ತಕ್ಕೆ ತರಗತಿಗೆ ಬರುವ ಗೆಳೆಯನಿದ್ದಾನೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ಎರಡು ವರ್ಷ ಬಿಟ್ಟು ಮತ್ತೆ ಕಾಲೇಜಿಗೆ ಸೇರಿದ ಅಕ್ಕ ಒಬ್ಬರಿದ್ದಾರೆ. ಇವರ 72ಕ್ಕೂ ಟ್ಯೂಷನ್, ಪ್ರತ್ಯೇಕ ಕೋಣೆ, ಮನೆಯಲ್ಲಿ ಓದಿಸುವವರು ಎಲ್ಲ ಇದ್ದವರ 85ಕ್ಕೂ ಸೂಚ್ಯಂಕ ಹಾಕಿದರೆ ಯಾವುದು ಹೆಚ್ಚು ಬರುತ್ತದೋ ಸಂಖ್ಯಾಶಾಸ್ತ್ರ ಓದಿದವರು ಯೋಚಿಸಲಿ. ನನ್ನ ಆಪಾ ಎಸ್‌ಎಸ್‌ಎಲ್‌ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಿದ್ದರು. ಆ ವರ್ಷ ಮನೆಯ ಸ್ಥಿತಿ ಸರಿಯಿರಲಿಲ್ಲ, ಅವರ ಓದು ಅಲ್ಲಿಗೆ ನಿಂತಿತು. ಅವರು ಯಾವ ಕಾಲೇಜಿನ ಯಾವ ಪಟ್ಟಿಯಲ್ಲೂ ಇಲ್ಲ. ಇವತ್ತು ನಾನು ಜರ್ನಲ್ ಎಂಟ್ರಿ ತಪ್ಪು ಮಾಡಿದರೆ ಪಕ್ಕದಲ್ಲಿ ನಿಂತು ಕಂಡುಹಿಡಿಯುವವರು ಅವರೇ.

ಹೀಗೆ ಕಾಲಂ ಹೆಚ್ಚಿಸುತ್ತ ಹೋದರೆ ಎಲ್ಲರಿಗೂ ಬಹುಮಾನ ಕೊಟ್ಟ ಹಾಗಾಗುತ್ತದೆ, ಮೊದಲ ಸ್ಥಾನಕ್ಕೆ ಬೆಲೆ ಇರುವುದಿಲ್ಲ ಎಂದು ನನ್ನ ಗೆಳೆಯರೇ ಹೇಳುತ್ತಾರೆ. ಹಾಕಿಯಲ್ಲಿ ಹಾಗಾಗಲಿಲ್ಲ. ಬಾಸಿಯ ಸರಾಸರಿ ಬರೆದಿಟ್ಟ ಕಾರಣಕ್ಕೆ ಗ್ರೆಟ್ಸ್ಕಿ ಸಣ್ಣವರಾಗಲಿಲ್ಲ. ಓರೀ ಅವರನ್ನು ಗೌರವಿಸಿದ್ದಕ್ಕೆ ಒವೆಚ್ಕಿನ್ ಅವರ ಒಂದು ಗೋಲೂ ಕಡಿಮೆಯಾಗಲಿಲ್ಲ. ಕಂಪನಿಯ ಬ್ಯಾಲೆನ್ಸ್ ಶೀಟಿನ ಕೆಳಗೆ ಟಿಪ್ಪಣಿಗಳಿರುತ್ತವೆ. ಅವು ಲಾಭವನ್ನು ಬದಲಿಸುವುದಿಲ್ಲ, ಅದು ಹೇಗೆ ಬಂತೆಂದು ತಿಳಿಸುತ್ತವೆ. ಟಿಪ್ಪಣಿ ಓದದೆ ಲಾಭ ಮಾತ್ರ ನೋಡುವವನನ್ನು ನಮ್ಮ ಉಪನ್ಯಾಸಕರು ಒಳ್ಳೆಯ ವಾಣಿಜ್ಯ ವಿದ್ಯಾರ್ಥಿ ಎನ್ನುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿಯೂ ಉಪನ್ಯಾಸಕರಲ್ಲಿಯೂ ನನ್ನ ವಿನಂತಿ ಚಿಕ್ಕದು. ಈ ವರ್ಷದ ಫಲಿತಾಂಶದ ಜೊತೆಗೆ ಇನ್ನೆರಡು ಪಟ್ಟಿ ಹಾಕಿ. ಒಂದು, ಪ್ರಥಮ ಪಿಯುನಿಂದ ದ್ವಿತೀಯ ಪಿಯುಗೆ ಅತಿ ಹೆಚ್ಚು ಅಂಕ ಏರಿಸಿಕೊಂಡ ಹತ್ತು ಜನರದ್ದು. ಇನ್ನೊಂದು, ಓದು ಬಿಟ್ಟು ಮತ್ತೆ ಬಂದು ಪಾಸಾದವರದ್ದು. ಅವರಿಗೆ ಇಷ್ಟವಿದ್ದರೆ ಮಾತ್ರ ಹೆಸರು ಹಾಕಿ. ಇದಕ್ಕೆ ಬೇಕಾದ ಅಂಕಿ ಎಲ್ಲ ಕಚೇರಿಯ ರಿಜಿಸ್ಟರಿನಲ್ಲೇ ಇವೆ. ಕೂಡಿ ಕಳೆದು ಪಟ್ಟಿ ಮಾಡುವ ಕೆಲಸವನ್ನು ನಮ್ಮ ತರಗತಿಯವರು ಸಂಖ್ಯಾಶಾಸ್ತ್ರದ ಪ್ರಾಜೆಕ್ಟಾಗಿ ಮಾಡಿಕೊಡುತ್ತೇವೆ. ಬ್ಯಾನರಿಗೆ ಜಾಗ ಸಾಲದಿದ್ದರೆ ನೋಟಿಸ್ ಬೋರ್ಡಿನ ಎಡಗಡೆ, ಹಳೆಯ ಬಸ್ ಪಾಸ್ ಸುತ್ತೋಲೆ ಇನ್ನೂ ಅಂಟಿಕೊಂಡಿರುವ ಕಡೆ, ಬೇಕಾದಷ್ಟು ಜಾಗ ಇದೆ.

— ದ್ವಿತೀಯ ಪಿಯು, ವಾಣಿಜ್ಯ ವಿಭಾಗ